ಎಳೆ ಬಿಟ್ಟ ಟೈರು

ಮಾರುತೇಶನ ಬೈಕಿನ ಹಿಂದಿನ ಟೈರು ಸವೆದು ನುಣ್ಣಗಾಗಿದೆ ಎಂಬ ಮಾತು ಆ ಮನೆಯಲ್ಲಿ ಮೊದಲು ಬಂದದ್ದು ಆಷಾಢದ ಒಂದು ಬೆಳಿಗ್ಗೆ, ರೊಟ್ಟಿ ತಿನ್ನುವ ಹೊತ್ತಿನಲ್ಲಿ. ಹೇಳಿದವಳು ಅವನ ಹೆಂಡತಿ ಕಾವ್ಯ. ಅಂಗಳ ಗುಡಿಸುವಾಗ ನೋಡಿದೆ, ನಡುವೆ ಒಂದು ಗೀರೂ ಉಳಿದಿಲ್ಲ, ಅಂಗೈ ಇದ್ದ ಹಾಗಿದೆ ಎಂದಳು. ಅತ್ತೆ ಸೂರಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿಹಾಕಲು ಮರೆತಳು. ಸೀದ ವಾಸನೆ ಬಂದ ಮೇಲೆಯೇ ಕೈ ಹಾಕಿದ್ದು. ಮಾವ ಜೋಗಪ್ಪ ಚಟ್ನಿಪುಡಿಗೆ ಎಣ್ಣೆ ಕಲಸುತ್ತಿದ್ದ ಬೆರಳನ್ನು ತಟ್ಟೆಯಲ್ಲೇ ನಿಲ್ಲಿಸಿ ಕೂತ.

ಹನ್ನೊಂದು ತಿಂಗಳ ಹಿಂದೆ ಕಿರಿಯ ಮಗ ಓಬಳೇಶ ಇದೇ ಬೈಕಿನಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬರುವಾಗ ತಳಕಿನ ತಿರುವಿನಲ್ಲಿ ಮಳೆಗೆ ಜಾರಿ ಬಿದ್ದು ತೀರಿಕೊಂಡಿದ್ದ. ಇಪ್ಪತ್ತನಾಲ್ಕು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಕ ಮಾಡಿಸುವ ಕೆಲಸ ಅವನದು. ಮಿಲ್ಲಿನ ಮಾಲೀಕ ಆ ಕೆಲಸವನ್ನು ಅಣ್ಣ ಮಾರುತೇಶನಿಗೇ ಕೊಟ್ಟ. ಅಲ್ಲಿಯವರೆಗೆ ಅಪ್ಪನ ಪಕ್ಕದ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ ಮಾರುತೇಶ ತಮ್ಮನ ಕೆಲಸದ ಜೊತೆಗೆ ತಮ್ಮನ ಬೈಕನ್ನೂ ವಹಿಸಿಕೊಂಡ. ಬೈಕು ಸರಿಮಾಡಿದ ಮೆಕ್ಯಾನಿಕ್ ತಿಪ್ಪೇರುದ್ರ ಯಾರದೋ ಗಾಡಿಯ ಅರ್ಧ ಸವೆದ ಟೈರು ಹಾಕಿಕೊಟ್ಟಿದ್ದ. ಈಗ ಅದೂ ಮುಗಿದಿತ್ತು. ಆ ದಿನ ಬೈಕು ಯಾಕೆ ಜಾರಿತು ಎಂಬುದನ್ನು ಮಾತ್ರ ಇಷ್ಟು ತಿಂಗಳಲ್ಲಿ ಆ ಮನೆಯವರು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರುತೇಶನೇ ಮಾತು ತೆಗೆದ. ಕಾವ್ಯ ಫೋನಿನಲ್ಲಿ ನಾಲ್ಕೈದು ಕಂಪನಿಯ ಬೆಲೆ ಹೋಲಿಸಿ ಇಟ್ಟಿದ್ದಾಳೆ, ಸಾವಿರದ ಎಂಟುನೂರರೊಳಗೆ ಒಳ್ಳೆಯದು ಸಿಗುತ್ತದೆ, ಮನೆ ಬಾಗಿಲಿಗೇ ತಂದುಕೊಡುತ್ತಾರೆ ಎಂದ.

ಜೋಗಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಣ್ಣಾಗೆ ನೋಡ್ದೆ, ಕೈಯಾಗೆ ಮುಟ್ದೆ ತರೋ ಮಾಲಲ್ಲ ಅದು. ನಾನು ತರ್ತೀನಿ."

"ನಿಮಗೆ ಯಾಕೆ ತ್ರಾಸು ಮಾವ, ಬಸ್ಸಿನಾಗೆ ಅಷ್ಟು ದೂರ," ಎಂದಳು ಕಾವ್ಯ.

"ನಾನು ತರ್ತೀನಿ ಅಂದ್ನಲ್ಲವ್ವ."

ಅಲ್ಲಿಗೆ ಆ ಮಾತು ಮುಗಿಯಿತು. ಕಾವ್ಯ ಫೋನನ್ನು ಮಗುಚಿಟ್ಟು ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮಾರುತೇಶ ಒಂದು ರೊಟ್ಟಿ ಬಿಟ್ಟು ಎದ್ದ. ಜೋಗಪ್ಪ ಅಂದು ಸಂಜೆ ಗೌರಸಮುದ್ರದ ಮಾರಮ್ಮನ ಪಟದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೈಮುಗಿದು ಕೂತಿದ್ದ. ಆ ಟೈರನ್ನು ಬೇರೆ ಯಾರೂ ತರಬಾರದು, ತಾನೇ ತರಬೇಕು ಎಂದು ಅವನಿಗೆ ಯಾಕೆ ಹಟವಿತ್ತು ಎಂಬುದು ಸೂರಮ್ಮನಿಗೆ ಗೊತ್ತಿತ್ತು. ಆದರೆ ಅವಳು ದೀಪಕ್ಕೆ ಎಣ್ಣೆ ಹಾಕಿ ಒಲೆಯ ಕಡೆ ಹೋದಳು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಜೋಗಪ್ಪ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಪಾತಣ್ಣ ಎಂಬವನ ಟೈರಿನ ಅಂಗಡಿಯ ಮುಂದೆ ನಿಂತಿದ್ದ. ಬೈಕಿನ ಟೈರಿನ ಅಳತೆಯನ್ನು ಮಾರುತೇಶ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಪಾತಣ್ಣ ಚೀಟಿ ನೋಡಿ, ಒಳಗಿನಿಂದ ಕಾಗದ ಸುತ್ತಿದ ಒಂದು ಟೈರು ತಂದು ಕಾಗದ ಬಿಚ್ಚಿ ಮುಂದಿಟ್ಟ. ಸಾವಿರದ ಎಂಟುನೂರ ಐವತ್ತು, ಬಿಲ್ಲು ಸಮೇತ ಎಂದ.

ಜೋಗಪ್ಪ ಅದನ್ನು ಮುಟ್ಟಿದವನು ಕೈ ಹಿಂದಕ್ಕೆ ತೆಗೆದುಕೊಂಡ. ಟೈರಿನ ಮೈತುಂಬ ರಬ್ಬರಿನ ಸಣ್ಣ ಸಣ್ಣ ಕೂದಲು, ಹಂದಿಯ ಬೆನ್ನಿನ ಮೇಲೆ ಇರುವ ಹಾಗೆ.

ಐವತ್ತು ವರ್ಷ ಸೀರೆ ನೇಯ್ದ ಕೈ ಅದು. ನೇಯ್ದ ಸೀರೆಯನ್ನು ಮಡಚಿ ಕೊಂಡೊಯ್ದಾಗಲೆಲ್ಲ ಸೀರೆ ಸಾವ್ಕಾರ ಕನ್ನಡಕ ಏರಿಸಿ, ಹಿಂಬದಿ ತಿರುವಿ, ಎಲ್ಲಾದರೂ ಒಂದು ಎಳೆ ಹೊರಗೆ ಚಾಚಿದ್ದರೆ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ "ಏನ್ ಜೋಗಪ್ಪ ಇದು" ಎನ್ನುತ್ತಿದ್ದ. ಅಷ್ಟಕ್ಕೇ ಕೂಲಿ ಕಡಿಮೆ. ಹಾಗಾಗಿ ಸೀರೆ ಮಗ್ಗದಿಂದ ಇಳಿದ ಕೂಡಲೇ ಜೋಗಪ್ಪ ಸಣ್ಣ ಕತ್ತರಿ ಹಿಡಿದು ಅರ್ಧ ದಿನ ಎಳೆ ಕತ್ತರಿಸುತ್ತ ಕೂರುತ್ತಿದ್ದ. ಎಳೆ ಬಿಟ್ಟ ಮಾಲು ಎಂದರೆ ಮುಗಿಸದ ಮಾಲು. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

"ಏನಪ್ಪ ಇದು," ಎಂದು ಸಾವ್ಕಾರನ ಹಾಗೆಯೇ ಒಂದು ಕೂದಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ. "ಮೈಯೆಲ್ಲಾ ಎಳೆ ಬಿಟ್ಟೈತೆ. ಕತ್ತರಿ ಆಡ್ಸೇ ಇಲ್ಲ. ಇದಕ್ಕೆ ಇಷ್ಟು ರೇಟಾ?"

ಪಾತಣ್ಣ ನಕ್ಕ. "ಹೊಸಾ ಟೈರು ಹಂಗೇ ಬರ್ತೈತೆ ಅಜ್ಜ."

ಮಾಲು ಕೆಟ್ಟಿದ್ದರೆ ಮಾರುವವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡ ಜೋಗಪ್ಪ ಕಣ್ಣನ್ನು ಅಂಗಡಿಯ ಸುತ್ತ ಆಡಿಸಿದ. ಬಾಗಿಲ ಮೇಲಿನ ಕೊಕ್ಕೆಯಲ್ಲಿ ಒಂದು ಟೈರು ನೇತಾಡುತ್ತಿತ್ತು. ಒಂದು ಎಳೆಯಿಲ್ಲ. ಕಪ್ಪಗೆ ಮಿಂಚುತ್ತಿತ್ತು. ಅದೇ ಅಳತೆಯದೇ ಎಂದು ಕೇಳಿದ. ಹೌದು, ಆದರೆ ಬಹಳ ದಿನದಿಂದ ಅಲ್ಲೇ ಇದೆ, ನಿಮಗೆ ಬೇಡ ಎಂದ ಪಾತಣ್ಣ. ಬಹಳ ದಿನದಿಂದ ಎತ್ತಿಟ್ಟಿದ್ದಾನೆ ಎಂದರೆ ಯಾರೋ ಬೇಕಾದವರಿಗೆ ಇಟ್ಟಿರಬೇಕು ಎಂದು ಜೋಗಪ್ಪನ ಎಣಿಕೆ. ಸಾವ್ಕಾರನ ಅಂಗಡಿಯಲ್ಲೂ ಒಳ್ಳೆಯ ಸೀರೆ ಕೈಗೆ ಸಿಗುವ ಕಡೆ ಇರುತ್ತಿರಲಿಲ್ಲ. ಅದನ್ನೇ ಇಳಿಸು ಎಂದ. ಪಾತಣ್ಣ ಇನ್ನೊಮ್ಮೆ ಬೇಡ ಎಂದ. ಅಷ್ಟರಲ್ಲಿ ಟ್ರ್ಯಾಕ್ಟರಿನವನೊಬ್ಬ ಬಂದು ದೊಡ್ಡ ಟೈರಿನ ಬೆಲೆ ಕೇಳತೊಡಗಿದ. ಜೋಗಪ್ಪ ಮೂರನೆಯ ಸಲ ಕೇಳಿದಾಗ ಪಾತಣ್ಣ ಏನೂ ಹೇಳದೆ ಉದ್ದನೆಯ ಕೋಲು ತೆಗೆದು ಟೈರನ್ನು ಕೆಳಗಿಳಿಸಿದ. ಸಾವಿರದ ನೂರು, ಇದಕ್ಕೆ ಬಿಲ್ಲಿಲ್ಲ, ವಾಪಸ್ಸಿಲ್ಲ ಎಂದ.

ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಲೆಗೆ ಮುಗಿಸಿದ ಮಾಲು. ಜೋಗಪ್ಪ ಟೈರನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ದಾರಿಯಲ್ಲಿ ಸೊಸೆಗೆಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡ. ಬಸ್ಸು ತಳಕಿನ ತಿರುವಿಗೆ ಬಂದಾಗ ಎಂದಿನಂತೆ ಕಣ್ಣು ಮುಚ್ಚಿದ. ಆದರೆ ಅಂದು ಅವನ ಕೈ ಟೈರಿನ ಮೇಲಿತ್ತು.

ತಿಪ್ಪೇರುದ್ರ ಟೈರನ್ನು ಹಾಕುವ ಮುಂಚೆ ಎರಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಎಲ್ಲಿ ತಂದದ್ದು ಎಂದು ಕೇಳಿದ. ಆಮೇಲೆ, "ಯಾಕೋ ಗಟ್ಟಿ ಐತಲ್ಲ ಯಜಮಾನ್ರೆ," ಎಂದ.

"ಗಟ್ಟಿ ಇದ್ರೇ ಅಲ್ವೇನಪ್ಪ ಬಾಳಿಕೆ," ಎಂದ ಜೋಗಪ್ಪ. ಗಟ್ಟಿಯಾಗಿ ನೇಯ್ದ ಸೀರೆ ಮೂರು ತಲೆಮಾರು ಬರುತ್ತದೆ ಎಂದೂ ಸೇರಿಸಿದ. ತಿಪ್ಪೇರುದ್ರ ಮಾರುತೇಶನ ಮುಖ ನೋಡಿದ. ಮಾರುತೇಶ ಬೇರೆ ಕಡೆ ನೋಡಿದ. ಮಗನನ್ನು ಕಳೆದುಕೊಂಡ ಮುದುಕ, ಅಷ್ಟು ದಿನದ ಮೇಲೆ ಅವತ್ತು ಮೊದಲ ಸಲ ನಗುತ್ತ ನಿಂತಿದ್ದ. ತಿಪ್ಪೇರುದ್ರ ಟೈರು ಕೂರಿಸಿ ಗಾಳಿ ತುಂಬಿದ. ಮನೆಯಲ್ಲಿ ಸೂರಮ್ಮ ಟೈರಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇರಿಸಿದಳು. ಕಾವ್ಯ ಬಜ್ಜಿ ಹಂಚಿದಳು. ಆ ಸಂಜೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿಂದರು.

ಹತ್ತು ದಿನ ಒಣ ರಸ್ತೆಯಲ್ಲಿ ಏನೂ ಆಗಲಿಲ್ಲ. ಜೋಗಪ್ಪ ನೆರೆಮನೆಯ ಬೋರಕ್ಕನಿಗೂ, ಸೀರೆ ಸಾವ್ಕಾರನಿಗೂ ತಾನು ಚೌಕಾಸಿ ಮಾಡಿದ ಕತೆ ಹೇಳಿದ. ಹನ್ನೊಂದನೆಯ ದಿನ ಮೋಡ ಕವಿದು ಮಳೆ ಹಿಡಿಯಿತು. ಮಾರುತೇಶ ಆರೂವರೆಗೆ ಬರಬೇಕಾದವನು ಎಂಟಾದರೂ ಬರಲಿಲ್ಲ. ಫೋನು ಹತ್ತುತ್ತಿರಲಿಲ್ಲ. ಕಾವ್ಯ ಹೊಸಿಲ ಮೇಲೆ ಕೂತಿದ್ದಳು. ಸೂರಮ್ಮ ಮುದ್ದೆಗೆಂದು ಇಟ್ಟ ಎಸರು ಕುದಿದು ಕುದಿದು ಅರ್ಧಕ್ಕೆ ಇಳಿದರೂ ಹಿಟ್ಟು ಹಾಕಲಿಲ್ಲ. ಜೋಗಪ್ಪ ಮಗ್ಗದಲ್ಲಿ ಕೂತಿದ್ದ, ಲಾಳಿ ಆಡುತ್ತಿರಲಿಲ್ಲ.

ಎಂಟೂಕಾಲಿಗೆ ಮಾರುತೇಶ ಬಂದ. ಬೈಕನ್ನು ತಳ್ಳಿಕೊಂಡು ಬಂದ. ಪ್ಯಾಂಟಿನ ಒಂದು ಕಾಲು ಮಂಡಿಯ ಹತ್ತಿರ ಹರಿದಿತ್ತು, ಮೊಣಕೈ ತರಚಿ ರಕ್ತ ಒಣಗಿತ್ತು. ಹಾನಗಲ್ ಹತ್ತಿರ ಒಂದು ಎಮ್ಮೆ ಅಡ್ಡ ಬಂತು, ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನಿಲ್ಲದೆ ಪಕ್ಕಕ್ಕೆ ಜಾರಿತು, ಮಣ್ಣಿನ ಕಡೆ ಬಿದ್ದೆ, ಏನೂ ಆಗಿಲ್ಲ, ಫೋನು ಮಾತ್ರ ಒಡೆಯಿತು ಎಂದ. ಕಾವ್ಯ ಗಾಯ ತೊಳೆದಳು. ಎಸರಿಗೆ ಮತ್ತೆ ನೀರು ಸುರಿದು ಸೂರಮ್ಮ ಮುದ್ದೆ ಮಾಡಿದಳು. ಹುರುಳಿ ಸಾರಿನಲ್ಲಿ ಅದ್ದಿ ಅದ್ದಿ ನುಂಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಬೆಳಿಗ್ಗೆ ಕಾವ್ಯ ಅಂಗಳದಲ್ಲಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದನ್ನು ಜೋಗಪ್ಪ ಕಂಡ. ಒರೆಸಿದಷ್ಟೂ ಬಟ್ಟೆ ಕಪ್ಪಾಗುತ್ತಿತ್ತು, ಟೈರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಬದಿಯ ತುಂಬ ಸಣ್ಣ ಸಣ್ಣ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಅವಳು ತನ್ನ ಫೋನು ತೆಗೆದು ಏನೋ ಓದಿ, ಬಿರುಕುಗಳ ನಡುವೆ ಅಚ್ಚೊತ್ತಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟಳು.

"ಏನವ್ವ ಹುಡುಕ್ತೀಯ?" ಎಂದ ಜೋಗಪ್ಪ.

"ಟೈರು ಹುಟ್ಟಿದ ದಿನ ಮಾವ. ಇಪ್ಪತ್ತೆರಡು, ಹದಿನಾರು ಅಂತೈತೆ. ಹದಿನಾರನೇ ಇಸ್ವಿ, ಇಪ್ಪತ್ತೆರಡನೇ ವಾರ." ಅವಳು ಎದ್ದು ನಿಂತಳು. "ಒಂಬತ್ತು ವರ್ಷ ಬಿಸಿಲಾಗೆ ನೇತು ಹಾಕಿದ್ದು. ಬಣ್ಣ ಬಳಿದವ್ರೆ ಅಷ್ಟೆ."

ಜೋಗಪ್ಪನ ಮುಖ ಬಿಗಿಯಿತು. ಒಳ್ಳೆ ಮಾಲೆಂದು ಕೈಯಿಂದ ಮುಟ್ಟಿ ನೋಡಿ ತಂದೆ, ಎಮ್ಮೆ ಅಡ್ಡ ಬಂದರೆ ಟೈರೇನು ಮಾಡುತ್ತದೆ, ಯಾರೋ ಫೋನಿನಲ್ಲಿ ಬರೆದದ್ದಕ್ಕೆ ನೀನು ಕುಣಿಯುತ್ತೀಯ ಎಂದ. ದನಿ ಎತ್ತರಕ್ಕೆ ಹೋಯಿತು. ಮಾರುತೇಶ ಒಳಗಿನಿಂದ ಬಂದು ಹೆಂಡತಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ.

ಕಾವ್ಯ ಸುಮ್ಮನಾಗಲಿಲ್ಲ. ಮದುವೆಯಾಗಿ ಬಂದು ಮೂರು ವರ್ಷದಲ್ಲಿ ಮಾವನಿಗೆ ಎದುರಾಡಿದವಳಲ್ಲ. "ಇವ್ರಿಗೆ ಮೊದ್ಲನೇ ದಿನಾನೇ ಗೊತ್ತಿತ್ತು ಮಾವ. ತಿಪ್ಪೇರುದ್ರಣ್ಣಂಗೂ ಗೊತ್ತಿತ್ತು. ನಿಮ್ಮ ಮನಸ್ಸು ನೋಯ್ತೈತೆ ಅಂತ ಬಾಯಿ ಮುಚ್ಕೊಂಡು ದಿನಾ ಇದ್ರ ಮ್ಯಾಲೆ ಹೋಗಿ ಬಂದ್ರು. ನಿಮ್ಮ ಮನಸ್ಸಿಗೋಸ್ಕರ ನಾನು ಇವ್ರನ್ನ ಕಳ್ಕೋಬೇಕಾ?"

ಜೋಗಪ್ಪ ಮಗನ ಕಡೆ ತಿರುಗಿದ. "ಗೊತ್ತಿತ್ತೇನಲೇ?"

ಮಾರುತೇಶ ಕಟ್ಟು ಹಾಕಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದ. "ನೀನು ಅವತ್ತು ನಗ್ತಿದ್ದೆ ಅಪ್ಪ," ಎಂದ.

ಸೂರಮ್ಮ ಅಡುಗೆಮನೆಯ ಬಾಗಿಲಿಗೆ ಬಂದದ್ದು ಆಗ. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಹದಿನಾರನೇ ಇಸ್ವಿ ಅಂದ್ರೆ ನಮ್ಮ ಓಬಳಿ ಹತ್ತನೇ ಕ್ಲಾಸು," ಎಂದಳು. ಆಮೇಲೆ ಗಂಡನನ್ನೇ ನೋಡುತ್ತ ಮೆಲ್ಲಗೆ, ಒಂದು ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು: "ಹೋದ ವರ್ಷ ಅವನು ಎರಡು ಸಲ ಕೇಳ್ದ. ಟೈರು ಸವೆದೈತೆ ಅಪ್ಪ ಅಂದ. ವರಮಾಲಕ್ಷ್ಮಿ ಹಬ್ಬದ ಸೀರೆ ಹೋಗ್ಲಿ, ಕೂಲಿ ಬರ್ಲಿ, ಆಮ್ಯಾಲೆ ನೋಡನ ಅಂದ್ರಿ. ನಾನೂ ಪಕ್ಕದಾಗೇ ಇದ್ದೆ. ಹೂಂ ಅಂದೆ. ಇನ್ನೊಂದು ಸಲ ನಾನು ಹೂಂ ಅನ್ನಲ್ಲ."

ಜೋಗಪ್ಪ ಒಳಗೆ ಹೋಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ.

ಮುಂದಿನ ನಾಲ್ಕು ದಿನ ಬೈಕು ಅಂಗಳದಲ್ಲೇ ನಿಂತಿತು. ಮಾರುತೇಶ ಬಸ್ಸಿನಲ್ಲಿ ಹೋದ. ಬೆಳಗಿನ ಬಸ್ಸು ತಡವಾಗಿ ಎರಡು ದಿನ ಅರ್ಧ ಸಂಬಳ ಹೋಯಿತು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ಹೇಳಿಕಳಿಸಿದ. ಮನೆಯಲ್ಲಿ ಮಾವ ಸೊಸೆ ಎದುರಾದರೆ ಒಬ್ಬರು ಗೋಡೆಯ ಕಡೆ ಸರಿಯುತ್ತಿದ್ದರು. ಸೂರಮ್ಮ ಒಬ್ಬಳೇ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಉಣ್ಣುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಜೋಗಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಾರಮ್ಮನ ಪಟದ ಹಿಂದಿದ್ದ ಡಬ್ಬಿಯನ್ನು ಕೆಳಗಿಳಿಸಿದ. ಓಬಳೇಶನ ವರ್ಷದ ತಿಥಿಗೆಂದು ಕೂಡಿಟ್ಟ ಹಣ ಅದರಲ್ಲಿತ್ತು. ಕೇರಿಯವರಿಗೆಲ್ಲ ಊಟ ಹಾಕಬೇಕೆಂದು ಅವನು ಹರಕೆಯ ಹಾಗೆ ಹೇಳಿಕೊಂಡಿದ್ದ. ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ತಿಥಿಗೆ ಮನೆಯವ್ರು ಐದು ಜನ ಉಂಡ್ರೆ ಸಾಕಲ್ವೇನೇ?"

ಸೂರಮ್ಮ ಡಬ್ಬಿಯನ್ನೂ ಅವನ ಮುಖವನ್ನೂ ನೋಡಿದಳು. "ಬೋರಕ್ಕನ್ನೂ ಸೇರ್ಸಿದ್ರೆ ಐದು," ಎಂದಳು. "ಸಾಕು. ಹೋಗಿ ಬರ್ರಿ."

ಬಿಚ್ಚಿಸಿದ ಟೈರನ್ನು ಹೆಗಲಿಗೆ ಹಾಕಿಕೊಂಡು ಜೋಗಪ್ಪ ಬಸ್ಸು ಹತ್ತಿದ. ಕಂಡಕ್ಟರ್ ಲಗೇಜಿಗೆ ಟಿಕೆಟ್ ಹರಿದ. ತಳಕಿನ ತಿರುವು ಬಂದಾಗ ಜೋಗಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ರಸ್ತೆಯ ಬದಿಯ ಬಿಳಿ ಕಲ್ಲು, ಅದರ ಹಿಂದಿನ ಜಾಲಿ, ಅಲ್ಲಿ ಮೇಯುತ್ತಿದ್ದ ನಾಲ್ಕು ಕುರಿ, ಎಲ್ಲವನ್ನೂ ನೋಡಿದ.

ಟೈರನ್ನು ಕಂಡ ಕೂಡಲೇ ಪಾತಣ್ಣ ಎದ್ದು ನಿಂತ. "ವಾಪಸ್ಸಿಲ್ಲ ಅಂತ ಹೇಳೇ ಕೊಟ್ಟಿದ್ದು ಅಜ್ಜ. ನಾನು ಬ್ಯಾಡ ಅಂದಿದ್ದೆ."

"ಅಂದಿದ್ದೆ. ಎರಡು ಸಲ ಅಂದೆ." ಜೋಗಪ್ಪ ಟೈರನ್ನು ಮೇಜಿನ ಮೇಲಿಟ್ಟ. "ಮೂರನೇ ಸಲ ಯಾಕಪ್ಪ ಅನ್ಲಿಲ್ಲ?"

ಪಾತಣ್ಣ ಮೇಜಿನ ಮೇಲಿದ್ದ ಬಿಲ್ಲಿನ ಪುಸ್ತಕವನ್ನು ಸುಮ್ಮನೆ ತಿರುವಿದ.

"ನಿನ್ನ ಮ್ಯಾಲೆ ತಪ್ಪು ಹೊರ್ಸಾಕೆ ಬಂದಿಲ್ಲ. ಆರಿಸಿದ್ದು ನಾನೇ. ನನ್ನ ಕೈಗೆ ಸೀರೆ ಗೊತ್ತು, ಇದು ಗೊತ್ತಿಲ್ಲ." ಜೋಗಪ್ಪ ಮೊದಲ ಸಲ ಅಂಗಡಿಯ ಬೆಂಚಿನ ಮೇಲೆ ಕೂತ. "ನಿಂಗೆ ಮಗ ಅವ್ನೆ?"

"ಅವ್ನೆ. ಪಿಯುಸಿ ಓದ್ತಾನೆ."

"ಗಾಡಿ ಓಡಿಸ್ತಾನೆ?"

"ಓಡಿಸ್ತಾನೆ."

"ಅವನ ಗಾಡಿಗೆ ಯಾವ್ದು ಹಾಕ್ತೀಯೋ ಅದು ಕೊಡು. ನೀನು ಹೇಳಿದಷ್ಟು ಕೊಡ್ತೀನಿ. ಚೌಕಾಸಿ ಮಾಡಲ್ಲ."

ಪಾತಣ್ಣ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಮೂರು ಟೈರು ಹೊತ್ತುಕೊಂಡು ಬಂದ. ಒಂದೊಂದನ್ನೂ ತಿರುಗಿಸಿ ಅಂಕಿ ಎಲ್ಲಿದೆ, ಎಲ್ಲಿಯವರೆಗೆ ಸವೆದರೆ ಬದಲಿಸಬೇಕೆಂಬ ಗುರುತು ಎಲ್ಲಿದೆ, ಮಳೆಯಲ್ಲಿ ನೀರು ಯಾವ ಸಂದಿನಿಂದ ಹೊರಗೆ ಹೋಗುತ್ತದೆ ಎಂದು ತೋರಿಸಿದ. ಜೋಗಪ್ಪ ಮಗ್ಗಕ್ಕೆ ಹೊಸದಾಗಿ ಕೂತವನ ಹಾಗೆ ಪ್ರತಿಯೊಂದರ ಮೇಲೂ ಬೆರಳಾಡಿಸಿದ. ಮೂರರ ಮೇಲೂ ಎಳೆ ಇತ್ತು. ಕೊನೆಗೆ ಪಾತಣ್ಣ ಒಂದನ್ನು ಮುಂದಕ್ಕೆ ತಳ್ಳಿದ. ಸಾವಿರದ ಏಳುನೂರು ಎಂದು ಬಿಲ್ಲು ಬರೆದ. ಕಾವ್ಯ ಫೋನಿನಲ್ಲಿ ನೋಡಿಟ್ಟಿದ್ದ ಬೆಲೆಗಿಂತ ಅದು ಕಡಿಮೆಯೇ ಇತ್ತು. ಜೋಗಪ್ಪ ಕೇಳದೆಯೇ ಇಳಿದದ್ದು.

ಹಳೆಯದನ್ನು ಬಿಟ್ಟುಹೋಗಿ, ಮುನ್ನೂರು ಕೊಡುತ್ತೇನೆ ಎಂದ ಪಾತಣ್ಣ. ಅವನ ಕಣ್ಣು ಬಾಗಿಲ ಮೇಲಿನ ಖಾಲಿ ಕೊಕ್ಕೆಯ ಕಡೆ ಒಮ್ಮೆ ಹೋಗಿ ಬಂತು.

"ಬ್ಯಾಡ," ಎಂದ ಜೋಗಪ್ಪ. "ಗರಗಸ ಐತೇನು?"

ಪಾತಣ್ಣ ಅವನನ್ನೇ ನೋಡಿದ. ಆಮೇಲೆ ತಾನೇ ಗರಗಸ ತಂದು, ಟೈರನ್ನು ಮೆಟ್ಟಿಲ ಮೇಲೆ ಒತ್ತಿಹಿಡಿದು ಅಡ್ಡಲಾಗಿ ಕತ್ತರಿಸಿದ. ಒಂದು ಕಡೆ ತುಂಡಾದಾಗ ಟೈರು ಬಿಚ್ಚಿಕೊಂಡು ಒಳಗೆಲ್ಲ ಬಿರುಕು ಕಾಣಿಸಿತು. ಇನ್ನು ಅದು ಯಾರ ಮಗನ ಗಾಡಿಗೂ ಹೋಗುವಂತಿರಲಿಲ್ಲ.

ಸಂಜೆ ಅಂಗಳದಲ್ಲಿ ಹೊಸ ಟೈರು ಹಾಕಿದ ಬೈಕು ನಿಂತಿತ್ತು. ಸೂರಮ್ಮ ಕುಂಕುಮದ ಬಟ್ಟಲು ತಂದಳು. ನೋಡಲು ಬಂದ ಬೋರಕ್ಕ, ಇದೇನು ಜೋಗಪ್ಪ, ಕೂದ್ಲು ಹಂಗೇ ಬಿಟ್ಟೀಯ, ನಿನ್ನ ಕತ್ತರಿ ಕಳೆದೋಯ್ತಾ ಎಂದು ಛೇಡಿಸಿದಳು. ಜೋಗಪ್ಪ ಮನೆಯೊಳಗೆ ಮುಖ ಮಾಡಿದ.

"ಕಾವ್ಯ, ಬಾರವ್ವ ಇಲ್ಲಿ. ಅಂಕಿ ಓದು."

ಐದು ದಿನದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಾವ್ಯ ಸೆರಗಿಗೆ ಕೈ ಒರೆಸುತ್ತ ಬಂದು ಟೈರಿನ ಪಕ್ಕ ಕೂತಳು. ಹುಡುಕುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಹದಿನಾಲ್ಕು, ಇಪ್ಪತ್ತೈದು," ಎಂದಳು. "ಈ ವರ್ಷದ್ದೇ ಮಾವ."

"ಇನ್ನೊಂದ್ಸಲ ಓದು."

ಅವಳು ಇನ್ನೊಂದು ಸಲ ಓದಿದಳು.

ಅಂದಿನಿಂದ ಸಂಜೆ ಬೈಕಿನ ಸದ್ದು ಕೇಳಿದರೆ ಜೋಗಪ್ಪ ನೇಯುವುದನ್ನು ನಿಲ್ಲಿಸಿ, ಮಗ್ಗದ ಗುಂಡಿಯಿಂದ ಮೇಲೆದ್ದು ಬರುತ್ತಿದ್ದ. ಮಾರುತೇಶ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಬಗ್ಗಿ ಹಿಂದಿನ ಟೈರಿನ ಮೇಲೆ ಕೈಯಾಡಿಸುತ್ತಿದ್ದ. ಮೊದಲ ವಾರದಲ್ಲೇ ನಡುವಿನ ಎಳೆಗಳು ರಸ್ತೆಗೆ ಸವೆದು ಹೋದವು. ಬದಿಯವು ಉಳಿದವು.

ಶ್ರಾವಣದಲ್ಲಿ ತಿಥಿಯ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಓಬಳೇಶನ ಪಟದ ಮುಂದೆ ಎಡೆ ಇಟ್ಟು, ಕಾಯಿ ಒಡೆದು, ಮಾರುತೇಶ ಮಧ್ಯಾಹ್ನದಿಂದ ಅರ್ಧ ದಿನದ ಕೆಲಸಕ್ಕೆ ಹೋದ. ಅವನು ಬರುವವರೆಗೆ ಎಡೆ ತೆಗೆಯಬೇಡ ಎಂದ ಜೋಗಪ್ಪ. ಬೋರಕ್ಕ ಬಂದು ಕೂತಳು. ಆರೂವರೆ ಆಯಿತು, ಏಳಾಯಿತು. ಸೂರಮ್ಮ ಒಲೆಯ ಮುಂದೆ, ಕಾವ್ಯ ಹೊಸಿಲ ಮೇಲೆ.

ಏಳೂ ಹತ್ತಕ್ಕೆ ಬೈಕಿನ ಸದ್ದು ಬಂತು. ಜೋಗಪ್ಪ ಮಳೆಯಲ್ಲೇ ಅಂಗಳಕ್ಕಿಳಿದು ಬಗ್ಗಿದ. ಒದ್ದೆ ಟೈರಿನ ಬದಿಯಲ್ಲಿ ಅವನ ಬೆರಳು ಎಳೆಗಳನ್ನು ಹುಡುಕಿ ಹುಡುಕಿ ನಿಂತಿತು.

"ಅವೆ," ಎಂದ. "ಇನ್ನೂ ಅವೆ."

ಸೂರಮ್ಮ ಎಸರಿಗೆ ಹಿಟ್ಟು ಹಾಕಿದಳು.